ಅತ್ತಿಬುತ್ತಿ ಗುಡ್ಡ

ಕುಸುಬಿನಾಳದಿಂದ ಹುಣಸಿಕೇರಿಗೆ ಹೋಗುವ ಡಾಂಬರು ರಸ್ತೆ ಗುಡ್ಡವನ್ನು ಏರುವುದಿಲ್ಲ. ಅದರ ತೆಂಕಣ ಬುಡವನ್ನು ಬಳಸಿಕೊಂಡು ಹೋಗುತ್ತದೆ. ಟಂಟಂ ಆಟೋದಲ್ಲಿ ಕುಳಿತವರಿಗೆ ಬಲಗಡೆ ಕಾಣುವ ಆ ಕೆಂಗಲ್ಲಿನ ಗುಡ್ಡ ಅಷ್ಟೇನೂ ಎತ್ತರದ್ದಲ್ಲ. ಬಂದರಿಕೆ ಗಿಡಗಳ, ಕಾರೆಕಂಟಿಗಳ ನಡುವೆ ಆಡುಗಳು ಮೇಯುತ್ತಿರುತ್ತವೆ. ನೆತ್ತಿಯಲ್ಲಿ ಒಂದಕ್ಕೊಂದು ಆತುಕೊಂಡು ನಿಂತ ಎರಡು ದೊಡ್ಡ ಗುಂಡುಗಳು, ಅವುಗಳ ನೆರಳಿನಲ್ಲಿ ಒಂದು ಹಾಸುಗಲ್ಲು. ಗುಡಿಯಿಲ್ಲ, ಕಟ್ಟೆಯಿಲ್ಲ, ಕುಂಕುಮ ಕಂಡ ಕಲ್ಲೂ ಇಲ್ಲ. ರಸ್ತೆಯ ತಿರುವಿನಲ್ಲಿ ನಿಲ್ಲಿಸಿದ ಹಳದಿ ಫಲಕದ ಮೇಲೆ ಮಾತ್ರ 'ಅತ್ತಿಬುತ್ತಿ ಗುಡ್ಡ' ಎಂದು ಬರೆದಿದೆ. ಹೊರಗಿನಿಂದ ಬಂದವರು ಅದನ್ನು ಓದಿ, ಅತ್ತಿಮರ ಎಲ್ಲಿದೆ ಎಂದು ಕೇಳುವುದುಂಟು. ಆ ಗುಡ್ಡದಲ್ಲಿ ಅತ್ತಿಮರ ಎಂದೂ ಇರಲಿಲ್ಲ ಎಂದು ಊರ ಹಿರಿಯರು ನಗುತ್ತಾರೆ. ಈ ಸೀಮೆಯಲ್ಲಿ ಗಂಡನ ತಾಯಿಗೆ ಅತ್ತಿ ಎನ್ನುತ್ತಾರೆ. ಹೊಲಕ್ಕೋ ಪ್ರಯಾಣಕ್ಕೋ ಅರಿವೆಯಲ್ಲಿ ಕಟ್ಟಿಕೊಂಡು ಹೋಗುವ ಊಟಕ್ಕೆ ಬುತ್ತಿ ಎನ್ನುತ್ತಾರೆ. ಯಾರ ಅತ್ತೆ, ಯಾರಿಗೆ ಕಟ್ಟಿದ ಬುತ್ತಿ ಎಂದು ತಿಳಿಯಬೇಕಾದರೆ ಈ ರಸ್ತೆ ಇಲ್ಲದಿದ್ದ ಕಾಲಕ್ಕೆ ಹೋಗಬೇಕು. ಆಗ ಎರಡೂ ಊರುಗಳ ನಡುವೆ ಇದ್ದದ್ದು ಗುಡ್ಡದ ಮೇಲಿನ ಕಾಲುದಾರಿ ಒಂದೇ.

ಹಿಂದೆ ಒಮ್ಮೆ ಕುಸುಬಿನಾಳದ ಕಡೆಯ ಓಣಿಯಲ್ಲಿ ನಿಂಬೆವ್ವ ಎಂಬ ವಿಧವೆ ತನ್ನ ಒಬ್ಬನೇ ಮಗ ಕಲ್ಲಪ್ಪನೊಡನೆ ಇದ್ದಳಂತೆ. ತುಂಡು ಹೊಲ, ಒಂದು ಎಮ್ಮೆ, ಮಣ್ಣಿನ ಮಾಳಿಗೆಯ ಮನೆ. ನಿಂಬೆವ್ವನ ಅಡಿಗೆ ಊರಿಗೆಲ್ಲ ಹೆಸರಾದ ಅಡಿಗೆಯೇನಲ್ಲ. ಎಲ್ಲರ ಮನೆಯಂತೆ ಆ ಮನೆಯಲ್ಲೂ ಜೋಳದ ರೊಟ್ಟಿ, ನುಚ್ಚು ಹಾಕಿ ಕುದಿಸಿ ಕಡೆದ ಪುಂಡಿಪಲ್ಯ, ಗುರೆಳ್ಳು ಕುಟ್ಟಿದ ಹಿಂಡಿ ಚಟ್ನಿ, ಬೇಸಗೆಯಲ್ಲಿ ಅಂಬಲಿ, ಹಬ್ಬಕ್ಕೆ ಹೋಳಿಗೆ. ಆದರೆ ಅವಳಿಗೆ ಒಂದು ಗುಣವಿತ್ತು. ಉಣ್ಣುವವರ ಮುಖ ನೋಡುತ್ತ ಬಡಿಸುವಳು. ತುತ್ತು ಬಾಯಿಗೆ ಹೋದ ಕೂಡಲೇ ಅವರಿಗೆ ಏನು ಬೇಕು, ಏನು ಬೇಡ ಎಂಬುದು ಅವಳಿಗೆ ತಿಳಿದುಬಿಡುತ್ತಿತ್ತು. ಕಲ್ಲಪ್ಪ ಮಾತು ಕಡಿಮೆಯವನು. ತಾಯಿ ಮಗನ ಮಾತುಕತೆಯೆಲ್ಲ ಹೆಚ್ಚಾಗಿ ತಾಟಿನಲ್ಲೇ ನಡೆಯುತ್ತಿತ್ತು ಎಂದು ಓಣಿಯವರು ಹೇಳುತ್ತಿದ್ದರಂತೆ.

ಕಲ್ಲಪ್ಪನಿಗೆ ತಂದ ಹೆಣ್ಣು ಹಂಪವ್ವ ಹೊಳೆಸಾಲಿನ ಊರಿನವಳು. ಅಲ್ಲಿ ಗದ್ದೆ, ಅಲ್ಲಿ ಅಕ್ಕಿ. ಹುಡುಗಿಗೆ ಅನ್ನ ಬಸಿಯಲು ಬರುತ್ತಿತ್ತು, ಹುಳಿ ಕಿವುಚಿ ಸಾರು ಕಾಯಿಸಲು ಬರುತ್ತಿತ್ತು. ರೊಟ್ಟಿ ಬಡಿಯಲು ಬರುತ್ತಿರಲಿಲ್ಲ. ಬಂದ ಹೊಸತರಲ್ಲಿ ಅವಳು ಬಡಿದ ರೊಟ್ಟಿ ಹಲಗೆಯಿಂದ ಹಂಚಿಗೆ ಹೋಗುವುದರೊಳಗೆ ಹರಿದು ಬೀಳುತ್ತಿತ್ತು. ನೆರೆಮನೆಯ ಹೆಂಗಸರು ಬಾಗಿಲಲ್ಲಿ ನಿಂತು ನಕ್ಕರು. ನಿಂಬೆವ್ವ ನಗಲಿಲ್ಲ. ಸೊಸೆಯ ಹಿಂದೆ ಮಂಡಿಯೂರಿ ಕುಳಿತು, ಅವಳ ಕೈಮೇಲೆ ತನ್ನ ಕೈಯಿಟ್ಟು ಬಡಿಸಿದಳು. ಎಸರು ಎಷ್ಟು ಕುದಿಯಬೇಕು, ಹಿಟ್ಟು ಎಷ್ಟು ನಾದಿದರೆ ಜಿಗಿ ಬರುತ್ತದೆ, ಅಂಗೈಯ ಯಾವ ಭಾಗ ಹಿಟ್ಟಿಗೆ ತಾಗಬೇಕು ಎಂಬುದನ್ನೆಲ್ಲ ಬಾಯಲ್ಲಿ ಹೇಳಿಕೊಡಲು ಅವಳಿಗೂ ಬರುತ್ತಿರಲಿಲ್ಲ. ಕೈಗೆ ಕೈ ಕೊಟ್ಟೇ ಕಲಿಸಿದಳು. ಹಂಪವ್ವ ಕಲಿತಳು. ಆದರೂ ಅವಳ ರೊಟ್ಟಿಯ ಅಂಚು ಎಲ್ಲಾದರೂ ಒಂದು ಕಡೆ ಸೀಳುತ್ತಿತ್ತು. ಆ ಸೀಳನ್ನು ಅವಳು ಕಿರುಬೆರಳಿನಿಂದ ಒತ್ತಿ ಒತ್ತಿ ಕೂಡಿಸುವಳು. ಸುಟ್ಟ ಮೇಲೂ ಅಲ್ಲಿ ಸಾಲಾಗಿ ಸಣ್ಣ ಗುಳಿಗಳು ಉಳಿಯುತ್ತಿದ್ದವು. ಪ್ರತಿಯಾಗಿ ಅತ್ತೆಗೆ ಅವಳು ಹುಳಿಯನ್ನ ಕಲಿಸಿದಳು. ಪಲ್ಯ ಇಳಿಸುವ ಹೊತ್ತಿಗೆ ಮರದ ಹುಟ್ಟಿನ ತುದಿಯಲ್ಲಿ ಒಂದಿಷ್ಟು ಎತ್ತಿ ಅತ್ತೆಯ ಅಂಗೈಗೆ ಹಾಕಿ, "ಅತ್ತಿ, ಉಪ್ಪು ನೋಡು" ಅನ್ನುವುದು ಅವಳ ದಿನದ ರೂಢಿಯಾಯಿತು. ಉಪ್ಪು ಸರಿಯಾಗಿದೆ ಎಂಬುದು ಇಬ್ಬರಿಗೂ ಗೊತ್ತಿರುತ್ತಿತ್ತು. ಆದರೂ ಅವಳು ಕೇಳುವಳು, ಇವಳು ನೆಕ್ಕಿ ನೋಡುವಳು.

ಎರಡನೆಯ ಮುಂಗಾರಿನಲ್ಲಿ ಕಲ್ಲಪ್ಪ ಬಿತ್ತನೆ ಮುಗಿಸಿ ಬಂದವನು ಮೈ ಬಿಸಿಯೆಂದು ಮಲಗಿದ. ಬೆಳೆ ಮೊಳಕೆಯೊಡೆಯುವ ಮೊದಲೇ ತೀರಿಕೊಂಡ. ಆ ಮನೆಯಲ್ಲಿ ಇಬ್ಬರು ಹೆಂಗಸರು ಒಂದು ಒಲೆಯ ಮುಂದೆ ಉಳಿದರು. ಸುಗ್ಗಿಯವರೆಗೂ ಅವರಿಬ್ಬರೂ ಕೈ ರೂಢಿಯಿಂದ ಮೂವರಿಗೆ ಆಗುವಷ್ಟು ಹಿಟ್ಟು ನಾದುತ್ತಿದ್ದರು, ಮಿಕ್ಕಿದ್ದನ್ನು ಎಮ್ಮೆಗೆ ಹಾಕುತ್ತಿದ್ದರು. ನಿಂಬೆವ್ವ ತನ್ನ ದುಃಖದ ನಡುವೆಯೂ ಸೊಸೆಯ ತಾಟು ನೋಡುತ್ತಿದ್ದಳು. ಹುಡುಗಿ ಉಣ್ಣುವುದು ಕಡಿಮೆಯಾಗಿತ್ತು. ಮೊದಲು ಹಸಿಮೆಣಸಿನಕಾಯಿ ಕಚ್ಚಿಕೊಂಡು ಸೊರಗುಟ್ಟುತ್ತ ಉಣ್ಣುತ್ತಿದ್ದವಳು ಈಗ ಮುದುಕಿಯರಂತೆ ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿ ನುಂಗಿ ಏಳುತ್ತಿದ್ದಳು. ಇಪ್ಪತ್ತು ದಾಟದ ಹೆಣ್ಣಿಗೆ ತನ್ನ ವಯಸ್ಸಿನ ಊಟ ಬಂದದ್ದನ್ನು ನೋಡಿ ನಿಂಬೆವ್ವನಿಗೆ ಹೆದರಿಕೆಯಾಯಿತು. ಆ ಸೀಮೆಯಲ್ಲಿ ಎಳೆಯ ವಿಧವೆಯರಿಗೆ ಉಡಿಕೆ ಮಾಡಿ ಇನ್ನೊಂದು ಮನೆಗೆ ಕಳಿಸುವ ಪದ್ಧತಿ ಇತ್ತು. ಹುಣಸಿಕೇರಿಯಲ್ಲಿ ದ್ಯಾಮಣ್ಣನೆಂಬ ರೈತನ ಹೆಂಡತಿ ತೀರಿಕೊಂಡು, ಮನೆಯಲ್ಲಿ ಹೆಣ್ಣು ದಿಕ್ಕಿಲ್ಲದೆ ಅವನೇ ನುಚ್ಚು ಬೇಯಿಸಿಕೊಂಡು ಇದ್ದಾನೆಂದು ಕೇಳಿ, ನಿಂಬೆವ್ವನೇ ಹೇಳಿಕಳಿಸಿದಳು. ಮುಪ್ಪಿನಲ್ಲಿ ಅನ್ನ ಹಾಕುವ ಕೈಯನ್ನು ತಾನೇ ಎತ್ತಿ ಯಾರಾದರೂ ಕೊಡುತ್ತಾರೆಯೇ ಎಂದು ಓಣಿಯವರು ಆಡಿಕೊಂಡರು.

ಹಂಪವ್ವ ಮಾತ್ರ ಒಪ್ಪಲಿಲ್ಲ. ಒಲೆಯ ಬೂದಿ ತೆಗೆಯುತ್ತ, ತಲೆಯೆತ್ತದೆ, "ನಾ ಒಲ್ಲೆ ಅತ್ತಿ. ಇಲ್ಲೇ ಇರ್ತೀನಿ" ಎಂದಳು.

"ಇರು ಅಂತ ನನಗೂ ಅನಸ್ತೈತಿ. ದಿನಾ ಅನಸ್ತೈತಿ," ಎಂದಳು ನಿಂಬೆವ್ವ. "ಆದರ ನಾ ಹೋದ ಮ್ಯಾಲೆ ಈ ಒಲಿ ಮುಂದ ನೀ ಒಬ್ಬಾಕಿ ಕುಂತು ಯಾರಿಗೆ ರೊಟ್ಟಿ ಬಡೀತಿ? ನನಗ ನಿನ್ನ ಕೈಯಾಗ ಉಣ್ಣೂ ಆಸೆ ಐತಿ. ಆ ಆಸೆಗೆ ನಿನ್ನ ಕಟ್ಟಿ ಹಾಕ್ಲೇನು?"

ಹಂಪವ್ವ ಬೂದಿಯನ್ನು ಹೊರಗೆ ಚೆಲ್ಲಿ ಬಂದು, ಮತ್ತೆ ಅದೇ ಒಲೆಯನ್ನು ಸಾರಿಸಿದಳು.

ಉಡಿಕೆಯ ದಿನ ಎರಡೂ ಊರಿನ ಹಿರಿಯರು ಕಟ್ಟಳೆಯನ್ನು ಗಟ್ಟಿಯಾಗಿ ಹೇಳಿದರು. ಉಡಿಕೆಯಾದ ಹೆಣ್ಣು ಹಳೆಯ ಮನೆಯ ಹೊಸ್ತಿಲು ತುಳಿಯಬಾರದು. ಆ ಮನೆಯವರ ಮುಖ ನೋಡಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಆ ಒಲೆಯಲ್ಲಿ ಬೆಂದದ್ದನ್ನು ಉಣ್ಣಬಾರದು. ಉಂಡರೆ ತೀರಿಕೊಂಡ ಗಂಡ ಆ ಅನ್ನದ ಹಿಂದೆಯೇ ನಡೆದು ಬಂದು ಹೊಸ ಮನೆ ಸೇರುತ್ತಾನೆ ಎಂಬ ನಂಬಿಕೆ ಅವರದು. ನಿಂಬೆವ್ವ ಎಲ್ಲಕ್ಕೂ ತಲೆಯಾಡಿಸಿದಳು. ಹಂಪವ್ವ ಗುಡ್ಡದ ದಾರಿ ಹಿಡಿದಳು. ಹಿಂದಿರುಗಿ ನೋಡಬಾರದೆಂದು ಹೇಳಿದ್ದರು, ಅವಳು ನೋಡಲಿಲ್ಲ. ನಿಂಬೆವ್ವ ಅವಳ ಬೆನ್ನು ಎರಡು ಗುಂಡುಗಳ ನಡುವೆ ಮರೆಯಾಗುವವರೆಗೂ ಹಿತ್ತಲಲ್ಲಿ ನಿಂತಿದ್ದು ಒಳಗೆ ಬಂದಳು.

ಒಬ್ಬರಿಗಾಗಿ ಅಡಿಗೆ ಮಾಡುವುದು ಎಷ್ಟು ಕಷ್ಟವೆಂಬುದು ಆಮೇಲೆ ಅವಳಿಗೆ ತಿಳಿಯಿತು. ಗಡಿಗೆಯೊಳಗೆ ಕೈಹಾಕಿ ಹಿಟ್ಟು ತೆಗೆದರೆ ಹೆಚ್ಚಾಗುತ್ತಿತ್ತು, ತಿರುಗಿ ಹಾಕಿದರೆ ಕಡಿಮೆಯೆನಿಸುತ್ತಿತ್ತು. ಒಂದು ರೊಟ್ಟಿಗೆ ಹಂಚು ಕಾಯಿಸಿದರೆ, ಹಂಚು ಹದಕ್ಕೆ ಬರುವ ಹೊತ್ತಿಗೆ ಬಡಿಯುವುದೇ ಮುಗಿದಿರುತ್ತಿತ್ತು. ಪುಂಡಿಪಲ್ಯವಂತೂ ಸ್ವಲ್ಪ ಮಾಡಲು ಬರುವ ಪದಾರ್ಥವೇ ಅಲ್ಲ. ಕುದಿಯುವ ಪಲ್ಯದಿಂದ ಒಂದಿಷ್ಟು ಅಂಗೈಗೆ ಹಾಕಿಕೊಂಡು ನೆಕ್ಕಿದರೆ ಉಪ್ಪು ಸರಿಯಿದೆಯೋ ಇಲ್ಲವೋ ಅವಳಿಗೇ ತಿಳಿಯದಂತಾಯಿತು. ತಾಟು ಮುಂದಿಟ್ಟುಕೊಂಡು ಕುಳಿತರೆ ನೋಡಲು ಎದುರಿಗೆ ಮುಖವಿರಲಿಲ್ಲ. ನೋಡದೆ ಉಣ್ಣುವುದು ಅವಳಿಗೆ ಅಭ್ಯಾಸವಿರಲಿಲ್ಲ.

ಹೀಗೇ ಒಂದು ದಿನ ರೊಟ್ಟಿ, ಪಲ್ಯ, ಹಿಂಡಿ, ಒಂದು ಉಳ್ಳಾಗಡ್ಡಿ ಎಲ್ಲವನ್ನೂ ಅರಿವೆಯಲ್ಲಿ ಕಟ್ಟಿಕೊಂಡು, ಹೊಲಕ್ಕೆ ಹೋಗುತ್ತೇನೆಂದು ನೆರೆಯವರಿಗೆ ಹೇಳಿ ಹೊರಟವಳು ಗುಡ್ಡ ಹತ್ತಿದಳು. ನೆತ್ತಿಯ ಮೇಲಿನಿಂದ ಹುಣಸಿಕೇರಿಯ ಮಾಳಿಗೆಗಳೂ ಅವುಗಳ ಮೇಲೆ ಏಳುವ ಹೊಗೆಯೂ ಕಾಣುತ್ತಿದ್ದವು. ಊರ ಅಂಚಿನಲ್ಲಿ, ಬಾವಿಯ ಪಕ್ಕದ ಮನೆ ದ್ಯಾಮಣ್ಣನದು ಎಂದು ಅವಳು ಕೇಳಿ ತಿಳಿದಿದ್ದಳು. ಅಲ್ಲಿಂದ ಹೊಗೆ ಏಳುತ್ತಿತ್ತು. ಹೊಗೆ ನೋಡುತ್ತ ಕುಳಿತು ಅವಳು ಅರ್ಧ ಬುತ್ತಿ ಉಂಡಳು. ಎಷ್ಟೋ ದಿನಗಳ ಮೇಲೆ ಅನ್ನ ಗಂಟಲಲ್ಲಿ ಇಳಿದಿತ್ತು. ಉಳಿದರ್ಧವನ್ನು ಮತ್ತೆ ಕಟ್ಟಿ, ಹಕ್ಕಿಪಕ್ಕಿ ತಿನ್ನಲಿ ಎಂದು ತನಗೆ ತಾನೇ ಹೇಳಿಕೊಂಡು ಹಾಸುಗಲ್ಲಿನ ಮೇಲಿಟ್ಟು ಇಳಿದು ಬಂದಳು. ಹಕ್ಕಿಗಾಗಿ ಇಡುವವರು ಅರಿವೆಯಲ್ಲಿ ಗಂಟು ಹಾಕಿ ಇಡುವುದಿಲ್ಲ ಎಂಬುದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ.

ಕೆಲವು ದಿನ ಬಿಟ್ಟು ಮತ್ತೆ ಹತ್ತಿದಾಗ ಅದೇ ಅರಿವೆ ತೊಳೆದು, ಮಡಿಸಿ, ಗಂಟು ಕಟ್ಟಿ ಅಲ್ಲಿಯೇ ಇತ್ತು. ಬಿಚ್ಚಿದರೆ ಒಳಗೆ ರೊಟ್ಟಿ, ಬೆಲ್ಲ ಹಾಕಿದ ಹುಳಿಬದನೆಯ ಪಲ್ಯ. ನಿಂಬೆವ್ವ ರೊಟ್ಟಿಯನ್ನು ಬಿಸಿಲಿಗೆ ಹಿಡಿದು ಅಂಚಿನ ಸುತ್ತ ಬೆರಳಾಡಿಸಿದಳು. ಒಂದು ಕಡೆ ಸಾಲಾಗಿ ಸಣ್ಣ ಗುಳಿಗಳಿದ್ದವು. ಕಟ್ಟಿಗೆಗೆಂದು ಆಚೆ ಮಗ್ಗುಲಿಂದ ಹತ್ತಿಬಂದ ಹಂಪವ್ವ ಆ ಅರಿವೆಯನ್ನು ಕಂಡ ಕೂಡಲೇ ಗುರುತಿಸಿದ್ದಳು. ಕಟ್ಟಳೆ ಮುರಿದಿತ್ತು. ಮೊದಲು ಮುರಿದವಳು ತಾನು ಎಂಬುದು ನಿಂಬೆವ್ವನಿಗೆ ಗೊತ್ತಿತ್ತು. ಆದರೂ ಅವಳು ಅಲ್ಲಿಯೇ ಕುಳಿತು ಆ ರೊಟ್ಟಿಯನ್ನು ಕೊನೆಯ ಚೂರಿನವರೆಗೂ ಉಂಡಳು.

ಆಮೇಲೆ ಅದು ನಡೆದುಕೊಂಡು ಹೋಯಿತು. ಅತ್ತೆ ಬೆಳಗಿನಲ್ಲಿ ಬಂದು ಇಟ್ಟು ಹೋಗುವಳು. ಸೊಸೆ ಹೊತ್ತು ಬಾಗಿದ ಮೇಲೆ ಬಂದು ಒಯ್ಯುವಳು, ಬದಲಿಗೆ ತನ್ನದನ್ನು ಇಡುವಳು. ಮುಖ ನೋಡಬಾರದೆಂಬ ಮಾತನ್ನಾದರೂ ಉಳಿಸಿಕೊಳ್ಳೋಣವೆಂದು ಇಬ್ಬರೂ ಹೊತ್ತು ತಪ್ಪಿಸಿಯೇ ಬರುತ್ತಿದ್ದರು. ತುತ್ತು ತುತ್ತಿನಲ್ಲಿ ನಿಂಬೆವ್ವನಿಗೆ ಆಚೆ ಮನೆಯ ಸುದ್ದಿ ಸಿಗುತ್ತಿತ್ತು. ಪಲ್ಯ ತಳ ಹಿಡಿದಿದ್ದರೆ ಮನೆಯಲ್ಲಿ ಏನೋ ಕಸಿವಿಸಿ. ರೊಟ್ಟಿ ಅವಸರದ ದಪ್ಪ ರೊಟ್ಟಿಯಾಗಿದ್ದರೆ ಕಳೆ ತೆಗೆಯುವ ದಿನಗಳು. ಒಮ್ಮೆ ಹುಳಿಯನ್ನದ ಮುದ್ದೆ ಬಂದಾಗ, ಆ ಮನೆಯಲ್ಲಿ ಅಕ್ಕಿ ತರುವಷ್ಟು ಪ್ರೀತಿ ದ್ಯಾಮಣ್ಣನಿಗಿದೆ ಎಂದು ತಿಳಿದು ಸಮಾಧಾನಪಟ್ಟಳು. ಮತ್ತೊಮ್ಮೆ ಅವಳು ಇಟ್ಟ ಬುತ್ತಿಯೇ ಹೆಚ್ಚುಕಡಿಮೆ ಹಾಗೆಯೇ ಉಳಿದಿತ್ತು; ರೊಟ್ಟಿ ಮುಟ್ಟಿರಲಿಲ್ಲ, ಪಲ್ಯ ಮುಟ್ಟಿರಲಿಲ್ಲ, ಎಲೆಯಲ್ಲಿ ಸುತ್ತಿಟ್ಟಿದ್ದ ಹುಣಸೆ ತೊಕ್ಕು ಮಾತ್ರ ಖಾಲಿಯಾಗಿತ್ತು. ನಿಂಬೆವ್ವ ಆ ಖಾಲಿ ಎಲೆಯನ್ನು ಹಿಡಿದುಕೊಂಡು ಬಹಳ ಹೊತ್ತು ಕುಳಿತಳು. ಸೊಸೆ ಬಸುರಿ. ಮನಸ್ಸು ಹಿಗ್ಗಿತು, ಹಿಗ್ಗಿನ ಹಿಂದೆಯೇ, ಆ ಕೂಸು ತನ್ನ ಮಡಿಲಿಗೆ ಬರುವ ಕೂಸಲ್ಲ ಎಂಬ ನೋವೂ ಬಂತು. ಎರಡನ್ನೂ ಸೆರಗಿನಲ್ಲಿ ಒರೆಸಿಕೊಂಡು ಮನೆಗೆ ಬಂದು, ಬಸುರಿಗೆ ಏನೇನು ಬಯಕೆಯಾಗುತ್ತದೋ ಅದನ್ನೆಲ್ಲ ಒಂದೊಂದಾಗಿ ಮಾಡಿ ಕಟ್ಟತೊಡಗಿದಳು: ಎಳ್ಳಿನ ಹೋಳಿಗೆ, ಹಸಿಮೆಣಸಿನಕಾಯಿಯ ರಂಜಕ ಚಟ್ನಿ, ಮೊಸರಲ್ಲಿ ಕಲಸಿದ ಅನ್ನದ ಬಾನ. ದಿನ ತುಂಬಿತೆಂದು ಲೆಕ್ಕ ಹಾಕಿ ಬಾಣಂತಿಗೆ ಬಲ ಬರುವ ಅಂಟಿನುಂಡೆಯನ್ನೂ ಕಟ್ಟಿದಳು. ಅದಕ್ಕೆ ಬೇಕಾದ ತುಪ್ಪಕ್ಕೆ ಎಮ್ಮೆಯ ಹಾಲನ್ನು ತಾನು ಮುಟ್ಟದೆ ಹೆಪ್ಪು ಹಾಕಿದಳು.

ಆ ಉಂಡೆಗಳನ್ನಿಟ್ಟು ಬಂದ ಮರುದಿನ ಹೋದರೆ ಗಂಟು ಹಾಗೆಯೇ ಇತ್ತು. ಅದರ ಮರುದಿನವೂ ಇತ್ತು, ಇರುವೆ ಮುತ್ತಿತ್ತು. ಮತ್ತೊಂದು ಬೆಳಿಗ್ಗೆ ಅವಳು ಹತ್ತಿ ಬಂದಾಗ ಹಾಸುಗಲ್ಲಿನ ಪಕ್ಕದಲ್ಲಿ ಕೈಯಲ್ಲಿ ಬಡಿಗೆ ಹಿಡಿದ ಒಬ್ಬ ಗಂಡಸು ಕುಳಿತಿದ್ದ. ನಿದ್ದೆಯಿಲ್ಲದ ಕಣ್ಣು, ಬೆಳೆದ ಗಡ್ಡ. ಹೇಳದೆಯೇ ಅವನು ದ್ಯಾಮಣ್ಣನೆಂದು ಅವಳಿಗೆ ತಿಳಿಯಿತು.

"ಇದನ್ನ ಇಡಾಕಿ ನೀನ ಏನಬೇ?" ಎಂದು ಅವನು ಇರುವೆ ಮುತ್ತಿದ ಗಂಟನ್ನು ಬಡಿಗೆಯಿಂದ ತೋರಿಸಿದ.

"ಹೌದಪ್ಪಾ, ನಾನ. ಆಕಿ ಹ್ಯಾಂಗದಾಳ?"

"ಹ್ಯಾಂಗಿರ್ತಾಳ. ಹೆಣ್ಣು ಕೂಸು ಹಡದ್ಲು, ಕೂಸು ಚಲೋ ಐತಿ. ಆಕಿ ಮಾತ್ರ ಹಡದಾಗಿನಿಂದ ಏನೂ ಉಣವಲ್ಲಳು. ಜ್ವರ ಇಳೀವಲ್ದು. ಬಾಯಿಗೆ ಹಾಕಿದ್ದು ಹೊರಗ ಬರ್ತೈತಿ. ಈ ಗಂಟು ಕಂಡ ಊರಾನ ಮಂದಿ ಹೇಳಿದ್ರು, ಹಳೀ ಮನಿ ಅನ್ನ ಉಂಡಾಳ, ಆ ಅನ್ನದ ಹಿಂದ ನಿನ್ನ ಮಗ ಬಂದು ಮನಿ ಹೊಕ್ಕಾನ, ಆಕೀನ ಕರಕೊಂಡು ಹೋಗೂತನ ಬಿಡಂಗಿಲ್ಲ ಅಂತ. ಯಾಕ ಹಿಂಗ ಮಾಡಿದಿ ಯವ್ವಾ? ಕೊಟ್ಟಾಕಿ ನೀನ. ಕೊಟ್ಟ ಮ್ಯಾಲೆ ಸುಮ್ಮನ ಇರಬಾರದಾಗಿತ್ತೇನು?"

ಅವನ ದನಿಯಲ್ಲಿ ಸಿಟ್ಟಿಗಿಂತ ಹೆದರಿಕೆ ಹೆಚ್ಚಾಗಿತ್ತು. ಒಬ್ಬ ಹೆಂಡತಿಯನ್ನು ಕಳೆದುಕೊಂಡವನು ಅವನು. ನಿಂಬೆವ್ವ ಕಲ್ಲಿನ ಮೇಲೆ ಕುಳಿತಳು.

"ನನ್ನ ಮಗ ಅನ್ನದ ಹಿಂದ ಬರಾವ ಆಗಿದ್ರ, ಮೊದಲು ನನ್ನ ಮನಿಗೆ ಬರ್ತಿದ್ದ ತಮ್ಮಾ," ಎಂದಳು. "ಅಂವ ಹೋದ ಮ್ಯಾಲೆ ಸುಗ್ಗಿತನಕ ಅವನ ಪಾಲಿನ ರೊಟ್ಟಿ ಬಡದು ತಾಟಿನಾಗ ಇಟ್ಟು ಕಾದೀನಿ. ಅಂವಗ ಸೇರೂದನ್ನೆಲ್ಲ ಮಾಡೀನಿ. ಒಂದು ದಿನನೂ ಬರಲಿಲ್ಲ. ಬಂದಿದ್ರ ನಾ ಹಿಂಗ ಗುಡ್ಡ ಹತ್ತತಿದ್ನೇನು?"

ದ್ಯಾಮಣ್ಣ ಬಡಿಗೆಯನ್ನು ಕೆಳಗಿಟ್ಟ. ಕೆಳಗೆ ಹುಣಸಿಕೇರಿಯ ಮನೆಗಳಿಂದ ಹೊಗೆ ಏಳುತ್ತಿತ್ತು. ಬಾವಿಯ ಪಕ್ಕದ ಮನೆಯಿಂದ ಮಾತ್ರ ಏಳುತ್ತಿರಲಿಲ್ಲ.

"ಜ್ವರದಾಗ ಏನರೆ ಅಂತಾಳೇನು?" ಎಂದು ನಿಂಬೆವ್ವ ಕೇಳಿದಳು.

"ಅತ್ತಿ, ಅತ್ತಿ ಅಂತಾಳ. ಉಪ್ಪು ನೋಡು ಅಂತಾಳ. ನಮ್ಮವ್ವ ಸತ್ತು ಎಷ್ಟು ವರ್ಷಾತು. ಆಕೀನ ದೆವ್ವಾಗಿ ಬಂದಾಳಂತ ಒಬ್ಬರು, ನಿನ್ನ ಮಗ ಅಂತ ಒಬ್ಬರು. ಯಾರನ್ನ ನಂಬಲಿ?"

ಆ ಕರೆ ಯಾರಿಗೆಂದು ನಿಂಬೆವ್ವ ಅವನಿಗೆ ಬಿಡಿಸಿ ಹೇಳಲಿಲ್ಲ. ಅವಳ ಮುಖ ನೋಡಿ ಅವನಿಗೇ ತಿಳಿದಿರಬೇಕು. ಅವಳು ಇರುವೆ ಮುತ್ತಿದ ಗಂಟನ್ನು ಪಕ್ಕಕ್ಕೆ ಸರಿಸಿ, "ನನ್ನ ಒಲಿ ಬ್ಯಾಡ, ನನ್ನ ಹಿಟ್ಟು ಬ್ಯಾಡ," ಎಂದಳು. "ನಿನ್ನ ಮನಿ ನುಚ್ಚು ತಾ. ನಿನ್ನ ಮನಿ ಉಪ್ಪು ಬಳ್ಳೊಳ್ಳಿ ಜೀರಿಗಿ, ನಿನ್ನ ಬಾವಿ ನೀರು, ನಿನ್ನ ಒಲಿಯಾನ ಕೆಂಡ ತಾ. ಗಡಿಗಿನೂ ನಿಂದ. ಇಲ್ಲೇ ಮೂರು ಕಲ್ಲಿಟ್ಟು ಕುದಸ್ತೀನಿ. ಕೈ ಒಂದ ನಂದು. ಕೈ ಹಿಂದ ಯಾರೂ ಬರಂಗಿಲ್ಲ."

ದ್ಯಾಮಣ್ಣ ಎದ್ದು ಇಳಿದು ಹೋದ. ಬರುತ್ತಾನೆಯೋ ಇಲ್ಲವೋ ಎಂದು ಅವಳು ಬಿಸಿಲಲ್ಲಿ ಕಾದಳು. ಕಲ್ಲುಗಳನ್ನು ಆರಿಸಿ ಒಲೆ ಹೂಡಿದಳು, ಒಣ ಬಂದರಿಕೆಯ ಕಡ್ಡಿ ಮುರಿದು ಇಟ್ಟುಕೊಂಡಳು. ಹೊತ್ತು ಏರಿದ ಮೇಲೆ ಅವನು ತಲೆಯ ಮೇಲೆ ನೀರಿನ ಕೊಡ, ಒಂದು ಕೈಯಲ್ಲಿ ಕೆಂಡದ ಬೋಗುಣಿ, ಇನ್ನೊಂದರಲ್ಲಿ ಗಡಿಗೆ ಮತ್ತು ಗಂಟು ಹಿಡಿದು ಏದುಸಿರು ಬಿಡುತ್ತ ಹತ್ತಿ ಬಂದ. ನುಚ್ಚನ್ನು ತೊಳೆದು, ನೀರು ಹೆಚ್ಚಾಗಿಯೇ ಹಾಕಿ, ಬೆಳ್ಳುಳ್ಳಿ ಜಜ್ಜಿ, ಜೀರಿಗೆ ಉಜ್ಜಿ ಹಾಕಿ, ಕಾಳು ಕರಗಿ ತಿಳಿಯಾಗುವವರೆಗೂ ಅವಳು ಹುಟ್ಟು ಬಿಡದೆ ತಿರುವಿದಳು. ಇಳಿಸುವ ಮೊದಲು ತುಸು ಎತ್ತಿ ಅವನ ಅಂಗೈಗೆ ಹಾಕಿ ಉಪ್ಪು ನೋಡಲು ಹೇಳಿದಳು. ದ್ಯಾಮಣ್ಣ ನೆಕ್ಕಿ, ತಲೆಯಾಡಿಸಿ, ಮುಖ ಆಚೆ ತಿರುಗಿಸಿದ. ಅವನಿಗೂ ಯಾರೋ ಹಾಗೆ ಕೈಗೆ ಹಾಕಿ ಎಷ್ಟೋ ಕಾಲವಾಗಿತ್ತು.

ಆ ದಿನ ಹಂಪವ್ವ ಎರಡು ಗುಟುಕು ಕುಡಿದಳು. ಅದು ಒಳಗೆ ನಿಂತಿತು. ಮರುದಿನ ಇನ್ನಷ್ಟು. ದ್ಯಾಮಣ್ಣ ದಿನವೂ ಕೆಂಡ ಹೊತ್ತು ಹತ್ತಿ ಬಂದ, ನಿಂಬೆವ್ವ ದಿನವೂ ಕುದಿಸಿ ಕೊಟ್ಟಳು. ತಿಳಿ ಗಂಜಿ ಗಟ್ಟಿಯಾಯಿತು, ಗಂಜಿಗೆ ಸಬ್ಬಸಿಗೆ ಸೊಪ್ಪು ಬಿತ್ತು, ಬಾಣಂತಿಯರಿಗೆ ಕೊಡುವ ಅಳವಿ ಕಾಳಿನ ಪಾಯಸ ಬಂತು, ಆಮೇಲೆ ಮೆತ್ತಗಿನ ರೊಟ್ಟಿಯೂ ಬಂತು. ಗುಡ್ಡದ ಮೇಲೆ ಏಳುವ ಹೊಗೆ ಎರಡೂ ಊರಿಗೆ ಕಾಣುತ್ತಿತ್ತು. ಹುಣಸಿಕೇರಿಯವರು ಅದನ್ನು ಅತ್ತಿಬುತ್ತಿ ಎಂದು ಕರೆದು ಮೊದಮೊದಲು ನಕ್ಕರು. ಹಂಪವ್ವ ಎದ್ದು ಬಾವಿಯ ಕಟ್ಟೆಗೆ ಬಂದು ನಿಂತ ದಿನದಿಂದ ನಗುವುದನ್ನು ಬಿಟ್ಟರು. ಹೆಸರು ಮಾತ್ರ ಉಳಿಯಿತು.

ಕೊನೆಯ ದಿನ ಕೆಂಡದ ಬೋಗುಣಿಯನ್ನು ಎತ್ತಿಕೊಳ್ಳುತ್ತ ದ್ಯಾಮಣ್ಣ, "ನಾಳಿಂದ ಆಕಿ ಒಲಿ ಮುಂದ ಕೂಡ್ತೀನಿ ಅಂದಾಳ. ನೀನೂ ಬಂದುಬಿಡು ಯವ್ವಾ, ನಮ್ಮ ಮನಿಗೆ" ಎಂದ. ನಿಂಬೆವ್ವನಿಗೆ ಹೋಗಬೇಕೆಂದು ಆಸೆಯಿತ್ತು. ಆದರೆ ನಾಳೆ ಆ ಮನೆಯಲ್ಲಿ ಕೂಸಿಗೆ ಕೆಮ್ಮು ಬಂದರೂ, ಎತ್ತು ಕುಂಟಿದರೂ, ಮಂದಿ ಮತ್ತೆ ಕಲ್ಲಪ್ಪನ ಹೆಸರು ಎತ್ತುತ್ತಾರೆ. ಆ ಮಾತು ಸೊಸೆಯ ತಲೆಯ ಮೇಲೆ ಬೀಳುತ್ತದೆ. "ಬ್ಯಾಡಪ್ಪಾ. ಬುತ್ತಿ ಇಡ್ತೀನಿ, ಒಯ್ಯಲಿ. ಅಷ್ಟ ಸಾಕು" ಎಂದಳು. ಅಷ್ಟು ಸಾಕಾಗಿರಲಿಲ್ಲ ಎಂಬುದು, ಅವಳು ಇಳಿಯುವಾಗ ಎಷ್ಟು ಸಲ ನಿಂತು ತಿರುಗಿದಳೆಂಬುದನ್ನು ಕಂಡ ದ್ಯಾಮಣ್ಣನಿಗೆ ತಿಳಿದಿತ್ತು.

ಮತ್ತೆ ಅರಿವೆಯ ಗಂಟುಗಳು ಅತ್ತಿತ್ತ ಓಡಾಡಿದವು. ವರ್ಷಗಳು ಹೋದವು. ಒಂದು ಮಧ್ಯಾಹ್ನ ನಿಂಬೆವ್ವ ಹೊಲದಲ್ಲಿ ತಲೆಯೆತ್ತಿದಾಗ ಗುಡ್ಡದ ನೆತ್ತಿಯಲ್ಲಿ ಒಂದು ದೊಡ್ಡ ಆಕೃತಿ, ಅದರ ಪಕ್ಕ ಒಂದು ಚಿಕ್ಕ ಆಕೃತಿ ಕಂಡವು. ಅವು ಅಲ್ಲಿ ಬಹಳ ಹೊತ್ತು ನಿಂತಿದ್ದವು. ನಿಂಬೆವ್ವನೂ ಕುಡುಗೋಲು ಹಿಡಿದು ನಿಂತೇ ಇದ್ದಳು. ಇಷ್ಟು ದೂರಕ್ಕೆ ಮುಖ ಕಾಣುವುದಿಲ್ಲವಾದ್ದರಿಂದ ಇದು ಕಟ್ಟಳೆ ಮುರಿದಂತಲ್ಲ ಎಂದುಕೊಂಡಳು.

ಕಡೆಗೆ ಅವಳಿಗೆ ಗುಡ್ಡ ಹತ್ತುವ ಶಕ್ತಿ ಹೋಯಿತು. ಒಂದು ಮಳೆಗಾಲದ ಕೊನೆಯಲ್ಲಿ ಹಾಸಿಗೆ ಹಿಡಿದಳು. ನೆರೆಯವರು ತಂದಿಟ್ಟ ಅಂಬಲಿಯನ್ನು ಒಂದು ಗುಟುಕು ಕುಡಿದು ಗೋಡೆಯ ಕಡೆ ತಿರುಗಿ ಮಲಗುವಳು. ಕಲ್ಲಿನ ಮೇಲೆ ಸೊಸೆ ಇಟ್ಟ ಬುತ್ತಿ ಹಳಸಿ ಹೋಗುತ್ತಿರಬಹುದು ಎಂಬುದೊಂದೇ ಅವಳ ಚಿಂತೆ. ಹಾಗೆ ಮಲಗಿದ್ದ ಒಂದು ಬೆಳಿಗ್ಗೆ ಅವಳಿಗೆ ಅಡಿಗೆಮನೆಯಿಂದ ರೊಟ್ಟಿ ಬಡಿಯುವ ಸದ್ದು ಕೇಳಿಸಿತು. ಆ ಮನೆಯಲ್ಲಿ ಬಹಳ ದಿನದಿಂದ ಆ ಸದ್ದು ಇರಲಿಲ್ಲ. ಹಂಚಿನ ವಾಸನೆ ಬಂತು, ಸುಟ್ಟ ಹಿಟ್ಟಿನ ವಾಸನೆ ಬಂತು. ಜ್ವರದ ಕನಸೆಂದುಕೊಂಡು ಅವಳು ಅಲುಗಾಡದೆ ಕೇಳಿಸಿಕೊಂಡಳು. ಕಣ್ಣು ತೆರೆದರೆ ಸದ್ದು ನಿಂತುಹೋಗುತ್ತದೆಂಬ ಅಂಜಿಕೆ.

ಹೊರಗೆ ಊರ ಹಿರಿಯರ ದನಿ ಕೇಳಿಸಿತು. ಉಡಿಕೆಯಾದ ಹೆಣ್ಣು ಹಗಲು ಹೊತ್ತಿನಲ್ಲಿ ಹಳೆಯ ಹೊಸ್ತಿಲು ತುಳಿದಿದ್ದಾಳೆಂದು ಅವರು ಬಂದು ಅಂಗಳದಲ್ಲಿ ನಿಂತಿದ್ದರು. ಹಂಪವ್ವ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು.

"ಎಷ್ಟು ದಿನದಿಂದ ಕಲ್ಲಿನ ಮ್ಯಾಲೆ ಬುತ್ತಿ ಹಂಗ ಉಳದೈತಿ," ಎಂದಳು. "ನೋಡೂಣಂತ ಬಂದೆ. ಮುದುಕಿ ಉಪವಾಸ ಅದಾಳ. ಈಕಿ ಉಂಡ ಮ್ಯಾಲೆ ನಿಮ್ಮ ಪಂಚಾಯ್ತಿಗೆ ಬರ್ತೀನಿ. ಹಂಚಿನ ಮ್ಯಾಲೆ ರೊಟ್ಟಿ ಐತಿ, ಹೊತ್ತತೈತಿ." ಅಷ್ಟು ಹೇಳಿ ಒಳಗೆ ಹೋದಳು. ಹಿರಿಯರು ತುಸು ಹೊತ್ತು ನಿಂತು, ಒಬ್ಬೊಬ್ಬರಾಗಿ ಚದುರಿದರು ಎನ್ನುತ್ತಾರೆ.

ನಿಂಬೆವ್ವ ಕಣ್ಣು ತೆರೆದಾಗ ತಲೆದಿಂಬಿನ ಹತ್ತಿರ ಒಂದು ಹೆಣ್ಣುಮಗು ಕುಳಿತು ಅವಳನ್ನೇ ನೋಡುತ್ತಿತ್ತು. ಮಗುವಿನ ಹಿಂದೆ ತಾಟು ಹಿಡಿದ ಹಂಪವ್ವ. ಇಬ್ಬರೂ ಬಹಳ ಹೊತ್ತು ಮುಖ ನೋಡಿಕೊಂಡರು.

"ಈಕಿ ಖಾರ ತಿಂತಾಳೇನು?" ಎಂದು ಕೇಳಿದಳು ನಿಂಬೆವ್ವ.

"ತಿಂತಾಳತ್ತಿ. ಬಾಳ ತಿಂತಾಳ," ಎಂದು ಹಂಪವ್ವ ನೆಲದ ಮೇಲೆ ಕುಳಿತು ಅತ್ತಳು.

ಮುದುಕಿ ಅವಳ ಕೈಯ ಆಸರೆಯಲ್ಲಿ ಎದ್ದು ಕುಳಿತು, ರೊಟ್ಟಿ ಮುರಿದು, ಪಲ್ಯ ಹಚ್ಚಿ, ಮೊದಲ ತುತ್ತನ್ನು ಮಗುವಿನ ಬಾಯಿಗಿಟ್ಟು ಅದರ ಮುಖ ನೋಡಿದಳು. ಆಮೇಲೆ ತಾನು ಉಂಡಳು. ಸುಗ್ಗಿಯ ಹೊತ್ತಿಗೆ ಅವಳು ತೀರಿಕೊಂಡಳು. ಅಲ್ಲಿಯವರೆಗೆ ಹಂಪವ್ವ ದಿನ ಬಿಟ್ಟು ದಿನ ಗುಡ್ಡ ದಾಟಿ ಬಂದು ಆ ಒಲೆ ಹೊತ್ತಿಸಿದಳು. ಎರಡೂ ಊರಿನಲ್ಲಿ ಯಾರಿಗೂ ಯಾವ ಕೇಡೂ ಆಗಲಿಲ್ಲ. ಆ ಕಟ್ಟಳೆಯನ್ನು ಯಾರೂ ಕೂಡಿ ಕುಳಿತು ತೆಗೆದುಹಾಕಲಿಲ್ಲ. ಮುಂದಿನ ಉಡಿಕೆಯ ದಿನ ಹಿರಿಯರು ಅದನ್ನು ಹೇಳದೆ ಸುಮ್ಮನಾದರು, ಅಷ್ಟೇ.

ಈಗ ಗುಡ್ಡ ಹತ್ತಿದವರಿಗೆ ಕಾಣುವುದು ಅಷ್ಟಿಷ್ಟೇ. ಗುಂಡುಗಳ ಬುಡದಲ್ಲಿ ಮಸಿ ಹಿಡಿದ ಕಲ್ಲುಗಳಿವೆ; ಅವು ಆ ಒಲೆಯವೇ ಎಂದು ಕೆಲವರು, ಕುರಿಗಾಹಿಗಳದೆಂದು ಕೆಲವರು. ಆದರೆ ಒಮ್ಮೊಮ್ಮೆ, ಹೆಚ್ಚಾಗಿ ಮನೆಯಿಂದ ಯಾರೋ ದೂರ ಹೋದ ದಿನಗಳಲ್ಲಿ, ಎರಡೂ ಊರಿನ ಹೆಂಗಸರಲ್ಲಿ ಯಾರಾದರೊಬ್ಬರು ಬಂದು ಹಾಸುಗಲ್ಲಿನ ಮೇಲೆ ಅರಿವೆಯ ಗಂಟೊಂದನ್ನು ಇಟ್ಟು ಹೋಗಿರುತ್ತಾರೆ. ಯಾರು ಇಟ್ಟರೆಂದು ಕೇಳುವ ವಾಡಿಕೆಯಿಲ್ಲ. ಆಡು ಮೇಯಿಸುವವರು ಅದನ್ನು ಕಂಡರೂ ಕೂಡಲೇ ಮುಟ್ಟುವುದಿಲ್ಲ. ಹಸಿವಾಗಿದ್ದರೂ ಗುಂಡಿನ ನೆರಳಿನಲ್ಲಿ ಕುಳಿತು, ಹೊತ್ತು ಹುಣಸಿಕೇರಿಯ ಕಡೆಗೆ ಪೂರ್ತಿ ವಾಲುವವರೆಗೂ ಕಾಯುತ್ತಾರೆ. ಕಟ್ಟಿದ್ದು ಯಾರಿಗೋ, ಅವರು ಬಂದರೂ ಬರಬಹುದು. ಬರದಿದ್ದರೆ ಗಂಟು ಬಿಚ್ಚಿ ಉಣ್ಣುತ್ತಾರೆ, ಅರಿವೆಯನ್ನು ಕೊಡವಿ ಮಡಿಸಿ ಕಲ್ಲಿನ ಮೇಲೆ ಇಟ್ಟು, ಆಡುಗಳನ್ನು ಹೊಡೆದುಕೊಂಡು ಇಳಿದು ಹೋಗುತ್ತಾರೆ.